ಹೊಟ್ಟೆ ಕೆಟ್ಟಾಗ ಓಮ ಸರಿ, ಕ್ಲೈಮ್ಯಾಕ್ಸ್‌ಗೆ ಡಾಕ್ಟರೇ ಬೇಕು!

ಮೊದಲ ದಿನ, ಮೊದಲ ಷೋ. ಬೆಳಕು ಹರಿಯುವ ಮುಂಚೆಯೇ ಗಾಂಧಿನಗರದಲ್ಲಿ ಕ್ಯೂ. ಮನೆ ತಿಂಡಿ ಎಲ್ಲಿಂದ ಬರಬೇಕು? ತಳ್ಳುಗಾಡಿಯ ನಾಲ್ಕು ಮೆಣಸಿನಕಾಯಿ ಬಜ್ಜಿ, ಯಾವತ್ತಿನದೋ ಚಟ್ನಿ, ಮೇಲೆರಡು ಟೀ. ಪರದೆ ಮೇಲೆ ಹೀರೋ ಫೈಟ್ ಶುರುವಾಗುವ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಅದಕ್ಕಿಂತ ದೊಡ್ಡ ಫೈಟ್! ಅರ್ಧ ಸಿನಿಮಾ ನೋಡಿದ್ದು ನಾನು, ಉಳಿದರ್ಧ ಕಳೆದದ್ದು ಎಲ್ಲಿ ಅಂತ ಕೇಳಬೇಡಿ.

ನಗಬೇಡಿ ಮಿತ್ರರೇ, ಈ ಪಾತ್ರ ಮಾಡದ ಅಭಿಮಾನಿ ಯಾರಿದ್ದಾನೆ ಹೇಳಿ?

ಅಜ್ಜಿಯ ಡಬ್ಬಿ

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ವೈದ್ಯನಲ್ಲ. ಆದರೆ ನಮ್ಮ ಅಜ್ಜಿಯ ಮಸಾಲೆ ಡಬ್ಬಿ ಚೆನ್ನಾಗಿ ಗೊತ್ತು.

ಹೊಟ್ಟೆ ಉಬ್ಬರಿಸಿದರೆ ಅರ್ಧ ಚಮಚ ಓಮವನ್ನು ಚಿಟಿಕೆ ಉಪ್ಪಿನೊಂದಿಗೆ ಅಗಿದು ಬಿಸಿನೀರು ಕುಡಿಯುವುದು. ಓಮದ ಘಾಟು ವಾಸನೆಗೆ ಕಾರಣ ಅದರಲ್ಲಿರುವ ಥೈಮಾಲ್. ಊಟ ಭಾರವಾದರೆ ಜೀರಿಗೆ ಕಷಾಯ, ಇಲ್ಲವೇ ಇಂಗಿನ ಒಗ್ಗರಣೆ ಹಾಕಿದ ನೀರುಮಜ್ಜಿಗೆ. ಘಾಟಿ ರಸ್ತೆಯ ಬಸ್ಸಿನಲ್ಲಿ ವಾಕರಿಕೆ ಬರುವವರು ಶುಂಠಿ ಚೂರು ಬಾಯಲ್ಲಿಟ್ಟುಕೊಳ್ಳಲಿ. ವಾಕರಿಕೆಗೆ ಶುಂಠಿಯನ್ನು ಇಂದಿನ ವೈದ್ಯರೂ ಪರೀಕ್ಷೆಗೆ ಹಚ್ಚಿ ನೋಡಿದ್ದಾರೆ, ಗುಣ ಕಂಡಿದ್ದಾರೆ. ಆದರೆ ಎದೆಯುರಿ ಇದ್ದವರಿಗೆ ಅದೇ ಶುಂಠಿ ಉರಿ ಹೆಚ್ಚಿಸಬಹುದು. ಮಲಬದ್ಧತೆಗೆ ಇಸಬಗೋಲು, ಜೊತೆಗೆ ದೊಡ್ಡ ಲೋಟ ನೀರು ಮರೆಯಬಾರದು.

ಭೇದಿಯಾದರೆ ಮಲೆನಾಡಿನವರಿಗೆ ದಾಳಿಂಬೆ ಸಿಪ್ಪೆಯ ತಂಬುಳಿ. ಒಣಗಿದ ಸಿಪ್ಪೆ, ಜೀರಿಗೆ, ಮೆಣಸುಕಾಳು ತುಪ್ಪದಲ್ಲಿ ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ. ಬಿಸಿ ಅನ್ನಕ್ಕೆ ಕಲಸಿ ಉಂಡರೆ... ಆಹಾ!

ಉಪ್ಪು ಸಕ್ಕರೆ ನೀರು ಎಂಬ ಸೂಪರ್‌ಸ್ಟಾರ್

ಆದರೆ ಭೇದಿಯಲ್ಲಿ ಆಳನ್ನು ಮಲಗಿಸುವುದು ಮೈಯಿಂದ ಹೋಗುವ ನೀರು, ಉಪ್ಪು. ಅದನ್ನು ತುಂಬಿಕೊಡದೆ ಬರೀ ಕಷಾಯ ಕುಡಿದು ಪ್ರಯೋಜನವಿಲ್ಲ. 1971ರ ಬಾಂಗ್ಲಾ ಯುದ್ಧದ ಕಾಲ. ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು, ಸಲೈನ್ ಸಾಲುತ್ತಿರಲಿಲ್ಲ. ಆಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಡ್ರಮ್ಮಿಗೆ ತುಂಬಿಸಿ ಕುಡಿಸಿದರು. ಸಾಯುವವರ ಸಂಖ್ಯೆ ತೀರಾ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಯಾವ ಸಿನಿಮಾ ಕಥೆಗೆ ಕಡಿಮೆ ಇದು?

ಮನೆಯಲ್ಲಿ ಮಾಡುವ ಲೆಕ್ಕ: ಕುದಿಸಿ ಆರಿಸಿದ 1 ಲೀಟರ್ ನೀರು, ತಲೆ ತಟ್ಟಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಕೂಡದು. ಓಆರ್‌ಎಸ್ ಪೊಟ್ಟಣ ಸಿಕ್ಕಿದರೆ ಇನ್ನೂ ಒಳ್ಳೆಯದು. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ, ಗುಟುಕು ಗುಟುಕಾಗಿ ಕುಡಿಯಿರಿ.

ನಾನು ಮಾಡಿದ ತಪ್ಪು

ಈಗ ನಗು ನಿಲ್ಲಿಸಿ ಕೇಳಿ. ಒಂದು ರಾತ್ರಿ ನನ್ನ ರೂಮ್‌ಮೇಟ್‌ಗೆ ಹೊಕ್ಕುಳ ಸುತ್ತ ನೋವು. “ಗ್ಯಾಸ್ ಕಣೋ, ಸುಮ್ನೆ ಮಲಕ್ಕೋ” ಅಂದವನು ನಾನೇ. ಎರಡು ಸಲ ಓಮದ ನೀರು ಕುಡಿಸಿದೆ. ಇಳಿಯಲಿಲ್ಲ. ಹೊಟ್ಟೆ ಸ್ವಚ್ಛ ಆಗಲಿ ಅಂತ ಬೆಳಗಿನ ಜಾವ ಹರಳೆಣ್ಣೆ ತರಲು ಹೊರಟೆ. ಬಾಗಿಲಲ್ಲಿ ಮನೆ ಓನರ್ ಆಂಟಿ ತಡೆದರು. “ನೋವು ಬಲಗಡೆ ಕೆಳಕ್ಕೆ ಇಳಿದಿದೆ ಅಂತಿದಾನೆ. ಎಣ್ಣೆ ಗಿಣ್ಣೆ ಬೇಡಪ್ಪ, ಮೊದಲು ಆಟೋ ಕರಿ!”

ಅಪೆಂಡಿಕ್ಸ್! ಆವತ್ತೇ ಆಪರೇಷನ್. “ಭೇದಿ ಔಷಧಿ ಕೊಟ್ಟಿದ್ದರೆ ಒಳಗೇ ಒಡೆಯುವ ಅಪಾಯವಿತ್ತು” ಅಂದರು ಡಾಕ್ಟರು. ನನ್ನ ಕೈಕಾಲು ತಣ್ಣಗಾಯಿತು. ಗೆಳೆಯನನ್ನು ಕೊಲ್ಲಲು ಹೊರಟಿದ್ದ ಖಳನಾಯಕ ಯಾರು? ಅವನ ಜೀವದ ಗೆಳೆಯ!

ಆದ್ದರಿಂದ ನೆನಪಿಡಿ. ನೋವು ಬಲಗಡೆಗೆ ಇಳಿದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಟಾರಿನಂತೆ ಕಪ್ಪಾದರೆ, ಜ್ವರ ಏರಿದರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಭೇದಿ ಎರಡು ದಿನ ದಾಟಿದರೆ ಡಬ್ಬಿ ಮುಚ್ಚಿ, ಆಸ್ಪತ್ರೆಗೆ ನಡೆಯಿರಿ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ ಅನ್ನಲೇಬೇಡಿ. 2021ರ ಅಕ್ಟೋಬರ್ 29ರಂದು 46ರ ಹರೆಯದಲ್ಲೇ ಅಪ್ಪು ಹೃದಯಸ್ತಂಭನದಿಂದ ನಮ್ಮನ್ನು ಬಿಟ್ಟುಹೋದ ಮೇಲೆ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಕ್ಯೂ ನಿಂತವರಲ್ಲಿ ನಮ್ಮಂಥ ಹುಡುಗರೂ ಇದ್ದರು. ಆ ಎಚ್ಚರ ಆರಬಾರದು.

ಅಜ್ಜಿಯ ಡಬ್ಬಿ ಒಳ್ಳೆಯ ಪೋಷಕ ನಟ. ಅದರ ಪಾತ್ರ ಎಷ್ಟೋ ಅಷ್ಟೇ ಕೊಡಿ. ನನ್ನ ರೂಮ್‌ಮೇಟ್ ಈಗ ಗಟ್ಟಿಮುಟ್ಟಾಗಿದ್ದಾನೆ. ಮೊದಲ ಷೋಗೆ ಈಗಲೂ ಇಬ್ಬರೂ ಒಟ್ಟಿಗೇ ಹೋಗುತ್ತೇವೆ... ಬಿಸಿ ಇಡ್ಲಿ ತಿಂದುಕೊಂಡು!