ಮಲಗಲೊಂದು ಕೋಣೆ

1866ನೆಯ ಇಸವಿಯ ಜನವರಿ ತಿಂಗಳ ಒಂದು ಕೊರೆಯುವ ಇರುಳಿನಲ್ಲಿ, ಜೇಮ್ಸ್ ಗ್ರೀನ್‌ವುಡ್ ಎಂಬ ಪತ್ರಕರ್ತನು ಹರಕು ಬಟ್ಟೆಯನ್ನು ತೊಟ್ಟು, ನಿರ್ಗತಿಕನ ವೇಷದಿಂದ, ಬಡವರಿಗೆ ದುಡಿಮೆಗೆ ಪ್ರತಿಯಾಗಿ ಆಶ್ರಯ ಕೊಡುತ್ತಿದ್ದ ಲಂಡನ್ನಿನ ಲ್ಯಾಂಬೆತ್ ವರ್ಕ್‌ಹೌಸಿನ ಬಾಗಿಲನ್ನು ತಟ್ಟಿದನು. ತನಗಿಂತ ಮೊದಲು ಅನೇಕರು ಮಿಂದು ಕದಡಿದ್ದ ನೀರಿನಲ್ಲಿ ತಾನೂ ಮಿಂದು, ತೊಟ್ಟ ಬಟ್ಟೆಯನ್ನು ಕಾವಲುಗಾರನಿಗೊಪ್ಪಿಸಿ, ಒಂದು ಪಾರ್ಶ್ವ ಗಾಳಿಗೆ ತೆರೆದೇ ಇದ್ದ ಕೊಟ್ಟಿಗೆಯಂತಹ ಸ್ಥಳದಲ್ಲಿ ರಾತ್ರಿಯನ್ನು ಕಳೆದು, ಬೆಳಗಾದ ಬಳಿಕ ಹಿಟ್ಟಿನ ಗಿರಣಿಯ ಹಿಡಿಯನ್ನು ತಿರುಗಿಸಿ ಬಂದ ಆತನ ವೃತ್ತಾಂತವು ಪಾಲ್ ಮಾಲ್ ಗೆಜೆಟ್ ಪತ್ರಿಕೆಯಲ್ಲಿ ಮೂರು ಕಂತುಗಳಾಗಿ ಪ್ರಕಟವಾದಾಗ, ಆ ನಗರದಲ್ಲಿ ಮೆತ್ತನೆಯ ಹಾಸಿಗೆಯುಳ್ಳವರ ನಿದ್ದೆಯೂ ಕೆಟ್ಟಿತು.

ಆಶ್ರಯಕ್ಕೆ ಕಾನೂನಿನ ಬೆಂಬಲವಿರಲಿಲ್ಲವೆಂದಲ್ಲ. 1864ರ ಕಾಯಿದೆಯು ರಾಜಧಾನಿಯ ವಸತಿಹೀನರಿಗೆ ರಾತ್ರಿಯ ಸೂರನ್ನು ಒದಗಿಸಬೇಕೆಂದು ವಿಧಿಸಿಯೇ ಇದ್ದಿತು. ಆದರೆ ಅಲೆಮಾರಿಗಳು 'ಸ್ಪೈಕ್' ಎಂದು ಕರೆಯುತ್ತಿದ್ದ ಆ ಕೊಠಡಿಗಳನ್ನು ನಡೆಸಿದವರ ಮನಸ್ಸಿನಲ್ಲಿ ಕರುಣೆಗಿಂತ ಮಿಗಿಲಾಗಿದ್ದುದು ಭಯ: ಸೌಖ್ಯವಿದ್ದಲ್ಲಿ ಸೋಮಾರಿಗಳು ಮುತ್ತುವರೆಂಬ ಭಯ. ಅದರಿಂದಾಗಿಯೇ ರೊಟ್ಟಿಯ ತುಂಡಿಗೂ ನೀರುಗಂಜಿಗೂ ಪ್ರತಿಯಾಗಿ ಕಲ್ಲೊಡೆಯುವ, ಹಡಗಿನ ಹಳೆಯ ಹಗ್ಗವನ್ನು ಬೆರಳು ಸೀಳುವವರೆಗೆ ಎಳೆಯೆಳೆಯಾಗಿ ಬಿಡಿಸುವ ಕೆಲಸ. 1882ರ ಕಾಯಿದೆಯಂತೂ ಒಳಗೆ ಬಂದವನನ್ನು, ಬಂದ ದಿನವನ್ನು ಬಿಟ್ಟು ಎರಡನೆಯ ದಿನದ ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಹೊರಗೆ ಬಿಡಬಾರದೆಂದಿತು. ಹಡಗುಕಟ್ಟೆಯಲ್ಲಿ ಕೂಲಿಯಾಳುಗಳನ್ನು ಆರಿಸುತ್ತಿದ್ದುದು ಮುಂಜಾನೆ. ದುಡಿಯಲು ಹಂಬಲಿಸುವವನನ್ನು ಆ ಹೊತ್ತಿನಲ್ಲಿ ಕೂಡಿಹಾಕಿ, ಬಳಿಕ ನಿರುದ್ಯೋಗಿಯೆಂದು ಹಳಿದುದು ಅನ್ಯಾಯವಲ್ಲದೆ ಮತ್ತೇನು?

1888ರಲ್ಲಿ ವಿಲಿಯಂ ಬೂತನ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯು ಲೈಮ್‌ಹೌಸಿನಲ್ಲಿ ಅಗ್ಗದ ಊಟದ ಮನೆಯನ್ನೂ ತಂಗುದಾಣವನ್ನೂ ತೆರೆಯಿತು. ಅದರ ಆಶ್ರಯಗಳಲ್ಲಿ ಮಲಗಲು ಶವಪೆಟ್ಟಿಗೆಯಂತಹ ಮರದ ಪೆಟ್ಟಿಗೆಗಳು ಸಾಲುಸಾಲಾಗಿದ್ದುವು. ಅಲ್ಲಿ ದಯೆಯಿದ್ದಿತು, ಬೆಚ್ಚಗಿತ್ತು, ಏಕಾಂತವಿರಲಿಲ್ಲ. 1893ರಲ್ಲಿ ನಗರದ ಆಡಳಿತಮಂಡಲಿಯಾದ ಲಂಡನ್ ಕೌಂಟಿ ಕೌನ್ಸಿಲು ಡ್ರೂರಿ ಲೇನ್ ಬಳಿಯ ಪಾರ್ಕರ್ ಬೀದಿಯಲ್ಲಿ ತನ್ನದೇ ವಸತಿಗೃಹವನ್ನು ತೆರೆಯಿತು.

ಆದರೆ ನನ್ನ ಮನಸ್ಸು ನಿಲ್ಲುವುದು ಪ್ರಧಾನಿ ಡಿಸ್ರೇಲಿಯ ಆಪ್ತ ಕಾರ್ಯದರ್ಶಿಯಾಗಿದ್ದ ರೌಟನ್ ಪ್ರಭುವಿನ ಬಳಿ. ಆತನು ತನ್ನ ಸ್ವಂತ ಹಣದಲ್ಲಿ 30,000 ಪೌಂಡುಗಳನ್ನು ಹಾಕಿ ವಾಕ್ಸ್‌ಹಾಲಿನಲ್ಲಿ ಕಟ್ಟಿಸಿದ ಮನೆಯು 1892ರ ಕೊನೆಯಲ್ಲಿ ತೆರೆಯಿತು. ರಾತ್ರಿಗೆ ಆರು ಪೆನ್ನಿ. ಅಷ್ಟಕ್ಕೆ ದೊರೆಯುತ್ತಿದ್ದುದು ಒಗೆದ ಹಾಸು, ಸ್ನಾನದ ಅನುಕೂಲ, ತನ್ನ ಅಡಿಗೆಯನ್ನು ತಾನೇ ಬೇಯಿಸಿಕೊಳ್ಳಲು ಒಲೆ, ಓದಲೊಂದು ಕೊಠಡಿ. ಎಲ್ಲಕ್ಕಿಂತ ಹೆಚ್ಚಾಗಿ, ಎಷ್ಟೇ ಕಿರಿದಾದರೂ ಒಬ್ಬನಿಗೇ ಮೀಸಲಾದ, ಕಿಟಕಿಯುಳ್ಳ ಪುಟ್ಟ ಕೋಣೆ. ಬಂದವನಿಗೆ ಉಪದೇಶವಿಲ್ಲ, ಕಲ್ಲೊಡೆಯುವ ಕೆಲಸವಿಲ್ಲ. ಬಾಡಿಗೆ ಕೊಟ್ಟವನು ಭಿಕ್ಷುಕನಲ್ಲ, ಬಾಡಿಗೆದಾರ. ಆರು ಪೆನ್ನಿಯೂ ಇಲ್ಲದವನಿಗೆ ಸ್ಪೈಕೇ ಗತಿಯಾಯಿತೆಂಬುದು ನಿಜ. ಈ ಗೃಹವು ಗಂಡಸರಿಗೆ ಮಾತ್ರವಾಗಿದ್ದುದರಿಂದ ಮನೆಯಿಲ್ಲದ ಹೆಂಗಸಿನ ಪಾಡು ಮೊದಲಿನಂತೆಯೇ ಉಳಿಯಿತೆಂಬುದೂ ನಿಜ, ಮತ್ತು ಅದು ಸಣ್ಣ ಲೋಪವಲ್ಲ. ಆದರೂ ಬಡವನ ಮಾನವನ್ನು ಕಳೆಯದೆಯೇ ಆತನಿಗೆ ಸೂರನ್ನು ಕೊಡಬಹುದೆಂಬುದನ್ನು ಆ ಪುಟ್ಟ ಕಿಟಕಿಗಳು ತೋರಿಸಿಕೊಟ್ಟುವು.

ಅನಂತರ ಲಂಡನ್ನಿನಲ್ಲಿ ಇಂತಹ ಇನ್ನೂ ಐದು ಗೃಹಗಳೆದ್ದುವು. ಕೊನೆಯದಾದ ಕ್ಯಾಮ್ಡೆನ್ನಿನ ಆರ್ಲಿಂಗ್ಟನ್ ಹೌಸ್ 1905ರಲ್ಲಿ, ರೌಟನ್ನನು ತೀರಿಕೊಂಡ ಎರಡು ವರ್ಷಗಳ ಬಳಿಕ ತೆರೆಯಿತು. ಸಾವಿರಕ್ಕೂ ಮಿಕ್ಕಿ ಮಂದಿ ಮಲಗುತ್ತಿದ್ದ ಆ ಕೆಂಪು ಇಟ್ಟಿಗೆಯ ಕಟ್ಟಡವು ನವೀಕರಣಗೊಂಡು, ನಮ್ಮ ಈ ಶತಮಾನದಲ್ಲಿಯೂ ಮನೆಯಿಲ್ಲದವರ ವಸತಿಯಾಗಿಯೇ ಮುಂದುವರಿದಿದೆ.