ಮಲೆನಾಡಿನ ಮನೆಯಲ್ಲಿ ರೆಕಾರ್ಡಿಂಗ್ ಯಂತ್ರದ ನಿದ್ರೆ ಮತ್ತು ಎಚ್ಚರ

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಒಂಟಿಮನೆಗಳಿಗೂ ಡಿ.ಡಿ. ಫ್ರೀ ಡಿಶ್ ಮೂಲಕ ತಲುಪುವ ಚಂದನ ವಾಹಿನಿಯ ಕಾರ್ಯಕ್ರಮಗಳನ್ನು ಮನೆಯ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿಕೊಳ್ಳಲು ಒಂದು ಟ್ಯೂನರ್ ಕಾರ್ಡ್, ಅಂದರೆ ಡಿಶ್‌ನಿಂದ ಬರುವ ಸಂಕೇತವನ್ನು ಕಂಪ್ಯೂಟರಿಗೆ ಒಪ್ಪಿಸುವ ಸಾಧನ, ಮತ್ತು 2002ರಲ್ಲಿ ಆರಂಭವಾದ ಮಿಥ್‌ಟಿವಿಯಂಥ ಉಚಿತ ತಂತ್ರಾಂಶ ಸಾಕಾಗುತ್ತದೆ. ಆದರೆ ದಿನಕ್ಕೆ ಒಂದು ಗಂಟೆಯ ಕಾರ್ಯಕ್ರಮಕ್ಕಾಗಿ 50 ವ್ಯಾಟ್ ಬಳಸುವ ಯಂತ್ರವನ್ನು ಹಗಲಿರುಳೂ ಚಾಲೂ ಇಟ್ಟರೆ ನಿತ್ಯ 1.2 ಯೂನಿಟ್ ವಿದ್ಯುತ್ ಖರ್ಚಾಗುವುದರಿಂದ, ಕೆಲಸವಿಲ್ಲದಾಗ ಅದು ತಾನೇ ಮಲಗಿ, ಹೊತ್ತಿಗೆ ಸರಿಯಾಗಿ ತಾನೇ ಏಳುವಂತೆ ಮಾಡುವುದು ಅಗತ್ಯವಾಗುತ್ತದೆ.

ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರಲ್ಲಿ ಪ್ರಕಟಿಸಿದ ಎಸಿಪಿಐ ಎಂಬ ನಿಯಮಾವಳಿಯು ಈ ನಿದ್ರೆಯನ್ನು ಹಲವು ಹಂತಗಳಾಗಿ ವಿಂಗಡಿಸಿದೆ. ಎಸ್3 ಹಂತದಲ್ಲಿ ಮಾಡುತ್ತಿದ್ದ ಕೆಲಸದ ವಿವರವೆಲ್ಲ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಉಳಿದು, ಯಂತ್ರವು ಕೆಲವೇ ಸೆಕೆಂಡುಗಳಲ್ಲಿ ಏಳಬಲ್ಲದಾದರೂ ಆ ಸ್ಮೃತಿಗೆ ಸದಾ ವಿದ್ಯುತ್ ಬೇಕು. ಎಸ್4 ಹಂತದಲ್ಲಿ ಅದೇ ವಿವರವನ್ನು ಡಿಸ್ಕಿಗೆ ಬರೆದಿಡುವುದರಿಂದ ಏಳುವುದು ನಿಧಾನವಾದರೂ ಕರೆಂಟು ಹೋದರೆ ಏನೂ ಅಳಿಯುವುದಿಲ್ಲ.

ಎಬ್ಬಿಸುವ ಕೆಲಸ ಮದರ್‌ಬೋರ್ಡಿನ ಪುಟ್ಟ ಗಡಿಯಾರದ್ದು. ನಾಣ್ಯದಾಕಾರದ 3 ವೋಲ್ಟ್ ಸೆಲ್ಲಿನ ಆಸರೆಯಿಂದ ವಿದ್ಯುತ್ತಿಲ್ಲದಾಗಲೂ ನಡೆಯುವ ಈ ಗಡಿಯಾರದಲ್ಲಿ, ರೆಕಾರ್ಡಿಂಗ್ ನಡೆಯುತ್ತಿಲ್ಲ ಮತ್ತು ಯಾರೂ ಯಂತ್ರವನ್ನು ಬಳಸುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಂಡ ತಂತ್ರಾಂಶವು ಮುಂದಿನ ಕಾರ್ಯಕ್ರಮಕ್ಕಿಂತ ಕೆಲವು ನಿಮಿಷ ಮೊದಲಿನ ವೇಳೆಗೆ ಅಲಾರಂ ಇಟ್ಟು ಮಲಗುತ್ತದೆ. ಲಿನಕ್ಸ್‌ನಲ್ಲಿ ಈ ಗಡಿಯಾರವು ಸಾಮಾನ್ಯವಾಗಿ ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಕಾಲಮಾನದಲ್ಲಿ ನಡೆಯುವುದರಿಂದ ರಾತ್ರಿ 9.30ರ ಕಾರ್ಯಕ್ರಮವು ಅದರ ಲೆಕ್ಕದಲ್ಲಿ ಸಂಜೆ 4 ಗಂಟೆಯದು. ಈ ವ್ಯತ್ಯಾಸವನ್ನು ಮರೆತು 9.30 ಎಂದೇ ನಮೂದಿಸಿದರೆ ಯಂತ್ರ ಏಳುವುದು ಬೆಳಗಿನ ಜಾವ 3 ಗಂಟೆಗೆ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಂಥ ಕಡೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಗಂಟೆಗಟ್ಟಲೆ ಕರೆಂಟು ಇರುವುದಿಲ್ಲವಾದ್ದರಿಂದ, ಇಲ್ಲಿಯ ಮನೆಗಳಿಗೆ ಬೇಗ ಏಳುವ ಎಸ್3ಗಿಂತ ನಿಧಾನದ ಎಸ್4 ನಿದ್ರೆಯೇ ಹೆಚ್ಚು ಭದ್ರ. ಆದರೆ ಅಲಾರಂ ಆಗುವ ಹೊತ್ತಿಗೆ ವಿದ್ಯುತ್ ಇಲ್ಲದಿದ್ದರೆ ಗಡಿಯಾರ ನಡೆಯುತ್ತಿದ್ದರೂ ಯಂತ್ರವನ್ನು ಎಬ್ಬಿಸಲಾರದು, ಮತ್ತು ಕೆಲವು ಮದರ್‌ಬೋರ್ಡುಗಳು ಒಮ್ಮೆ ವಿದ್ಯುತ್ ಕಡಿದ ಬಳಿಕ ಹಳೆಯ ಅಲಾರಂ ಅನ್ನು ಪಾಲಿಸುವುದಿಲ್ಲ. ಆದ್ದರಿಂದ ಯಂತ್ರದ ಮೂಲ ಸಜ್ಜಿಕೆಯಾದ ಬಯೋಸ್‌ನಲ್ಲಿ, ಕರೆಂಟು ಮರಳಿದೊಡನೆ ತಾನೇ ಚಾಲೂ ಆಗುವ ಆಯ್ಕೆಯನ್ನು ಇಟ್ಟರೆ, ಎದ್ದ ಯಂತ್ರವು ವೇಳಾಪಟ್ಟಿ ನೋಡಿ ಹೊಸ ಅಲಾರಂ ಇಟ್ಟುಕೊಂಡು ಮತ್ತೆ ಮಲಗುತ್ತದೆ.

ಜೋರು ಮಳೆ ಉಪಗ್ರಹದ ಸಂಕೇತವನ್ನೇ ಕುಂದಿಸುವುದರಿಂದ ಸಮಯಕ್ಕೆ ಎದ್ದ ಯಂತ್ರಕ್ಕೂ ಕೆಲವೊಮ್ಮೆ ಚಿತ್ರ ಸಿಗಲಾರದು. ಅದು ಯಾವ ಸಜ್ಜಿಕೆಗೂ ಮೀರಿದ್ದು. ಉಳಿದುದನ್ನು, ಸೌದೆ ಒಟ್ಟಿ ಹಂಚು ಕೈಯಾಡಿಸುವ ಮೇ ತಿಂಗಳಲ್ಲೇ, ಮಲಗಿದ ಯಂತ್ರದ ಪ್ಲಗ್ ಒಮ್ಮೆ ಕಿತ್ತು ಮತ್ತೆ ಹಾಕಿ ಪರೀಕ್ಷಿಸಿಕೊಳ್ಳಬಹುದು.