ಹರಿಗೋಲಿನ ಹೊದಿಕೆ

ಹರಿಗೋಲು ಎಂಬುದು ಬಿದಿರಿನಿಂದ ಹೆಣೆದ ದುಂಡನೆಯ ಬುಟ್ಟಿಯಾಕಾರದ ದೋಣಿ. ಅದರೊಳಕ್ಕೆ ನೀರು ನುಗ್ಗದಂತೆ ಹೊರಮೈಗೆ ಹಾಕುವ ಪದರವೇ ಹರಿಗೋಲಿನ ಹೊದಿಕೆ. ಕರ್ನಾಟಕದ ಕಾವೇರಿ, ತುಂಗಭದ್ರಾ ಮೊದಲಾದ ನದಿಗಳಲ್ಲಿಯೂ ಜಲಾಶಯಗಳಲ್ಲಿಯೂ ದಡ ದಾಟಲು, ಮೀನು ಹಿಡಿಯಲು ಮತ್ತು ಪ್ರವಾಸಿಗರ ವಿಹಾರಕ್ಕೆ ಹರಿಗೋಲು ಬಳಕೆಯಲ್ಲಿದೆ. ಇದನ್ನು ಕೆಲವೆಡೆ ತೆಪ್ಪವೆಂದೂ ಪುಟ್ಟಿಯೆಂದೂ ಕರೆಯುತ್ತಾರೆ. ಕಾಲಕ್ರಮದಲ್ಲಿ ಹೊದಿಕೆಯು ಚರ್ಮದಿಂದ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಗೆ, ಅಲ್ಲಿಂದ ಫೈಬರ್ ಗ್ಲಾಸಿಗೆ ಬದಲಾಗಿದೆ.

ರಚನೆ

ಬಿದಿರನ್ನು ಸೀಳಿ ತೆಗೆದ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡಲಾಗಿ ಹೆಣೆದು ಮೊದಲು ತಳವನ್ನು ಸಿದ್ಧಪಡಿಸುತ್ತಾರೆ. ಅನಂತರ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ ಪಕ್ಕದ ಗೋಡೆಯನ್ನು ಹೆಣೆದು, ಬಾಯಿಯ ಸುತ್ತ ದಪ್ಪನೆಯ ಅಂಚು ಕಟ್ಟುತ್ತಾರೆ. ದೋಣಿಯ ಬಲವಿರುವುದು ಈ ಹೆಣಿಗೆಯಲ್ಲಿ ಮತ್ತು ಅಂಚಿನಲ್ಲಿ. ಹೊದಿಕೆಯ ಕೆಲಸ ನೀರನ್ನು ತಡೆಯುವುದಷ್ಟೇ.

ಇತಿಹಾಸ

1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೋಗಲು ಜನರು ಬಳಸುತ್ತಿದ್ದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಅವುಗಳ ಹೊರಮೈಗೆ ಚರ್ಮದ ಹೊದಿಕೆಯಿತ್ತೆಂದೂ, ಹದಿನೈದರಿಂದ ಇಪ್ಪತ್ತು ಜನರನ್ನು ಅವು ಹೊರುತ್ತಿದ್ದವೆಂದೂ, ಸದಾ ಸುತ್ತುತ್ತಲೇ ಸಾಗುತ್ತಿದ್ದವೆಂದೂ ಆತ ಬರೆದಿದ್ದಾನೆ.

ಹೊದಿಕೆಯ ಬದಲಾವಣೆ

ಚರ್ಮವು ನೀರಿನಲ್ಲಿ ಮೆತ್ತಗಾಗಿ ಕೊಳೆಯುವುದರಿಂದ ಬಳಕೆಯ ನಂತರ ದೋಣಿಯನ್ನು ದಡಕ್ಕೆಳೆದು ಒಣಗಿಸುವುದು ಅಗತ್ಯವಾಗಿತ್ತು. ಈಗ ಬಿದಿರಿನ ಹರಿಗೋಲಿಗೆ ಪ್ಲಾಸ್ಟಿಕ್ ಹಾಳೆ ಅಥವಾ ಚೀಲಗಳನ್ನು ಹೊದಿಸಿ, ಕಾಯಿಸಿದ ಡಾಂಬರನ್ನು ಬಳಿಯುತ್ತಾರೆ. ಇದು ಅಗ್ಗ, ಹರಿದ ಜಾಗಕ್ಕೆ ನದಿಯ ದಡದಲ್ಲಿಯೇ ತೇಪೆ ಹಾಕಬಹುದು. ಆದರೆ ಹೊದಿಕೆಯ ಹಿಂದೆ ತೇವ ನಿಂತರೆ ಬಿದಿರು ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ. ಆದ್ದರಿಂದ ಹೊಸ ಡಾಂಬರು ಬಳಿಯುವ ಮುನ್ನ ಒಳಗಿನ ದಬ್ಬೆಗಳನ್ನು ಒತ್ತಿ ಪರೀಕ್ಷಿಸಿ, ಮೆತ್ತಗಾದವುಗಳನ್ನು ಬದಲಿಸಬೇಕು.

ಫೈಬರ್ ಗ್ಲಾಸ್ ಹರಿಗೋಲಿನಲ್ಲಿ ಗಾಜಿನ ನಾರು ಮತ್ತು ರಾಳದ ಪದರವೇ ದೋಣಿಯ ಮೈಯಾಗುತ್ತದೆ. ಇದು ಕೊಳೆಯುವುದಿಲ್ಲ. ಆದರೆ ಬಂಡೆಗೆ ಬಡಿದಾಗ ಬಿದಿರಿನಂತೆ ಬಾಗದೆ ಬಿರುಕು ಬಿಡಬಹುದು. ಬಿರುಕನ್ನು ಒಣಗಿಸಿ, ಉಜ್ಜಿ, ರಾಳ ಹಾಕಿಯೇ ಮುಚ್ಚಬೇಕಾಗುತ್ತದೆ. ಮತ್ತೊಂದು ವ್ಯತ್ಯಾಸ ಇನ್ನೂ ಮುಖ್ಯವಾದುದು. ಬಿದಿರು ನೀರಿಗಿಂತ ಹಗುರ. ಹರಿಗೋಲಿನಲ್ಲಿ ನೀರು ತುಂಬಿದರೂ ಅದರ ಹಂದರ ತೇಲುವ ಗುಣವನ್ನು ಉಳಿಸಿಕೊಳ್ಳುತ್ತದೆ. ಫೈಬರ್ ಗ್ಲಾಸ್ ನೀರಿಗಿಂತ ಭಾರ. ಗಾಳಿ ತುಂಬಿದ ಮುಚ್ಚಿದ ಕೋಣೆಗಳನ್ನಾಗಲಿ ಫೋಮನ್ನಾಗಲಿ ಅಳವಡಿಸದಿದ್ದರೆ, ನೀರು ತುಂಬಿದ ದೋಣಿ ಮುಳುಗುತ್ತದೆ.

ಭಾರ ಮತ್ತು ಸುರಕ್ಷತೆ

ಹೊದಿಕೆ ಎಷ್ಟೇ ಗಟ್ಟಿಯಾಗಿದ್ದರೂ ಹರಿಗೋಲು ಹೊರಬಲ್ಲ ಭಾರ ಹೆಚ್ಚುವುದಿಲ್ಲ. ಅದು ದೋಣಿಯ ಅಗಲ ಮತ್ತು ಆಳವನ್ನು ಅವಲಂಬಿಸಿದೆ. 2 ಮೀಟರ್ ವ್ಯಾಸದ ಚಪ್ಪಟೆ ತಳದ ದೋಣಿಯು 10 ಸೆಂ.ಮೀ. ಮುಳುಗಿದಾಗ ಸುಮಾರು 314 ಲೀಟರ್ ನೀರನ್ನು ಸರಿಸುತ್ತದೆ. ಅಂದರೆ ತಲಾ 60 ಕೆ.ಜಿ. ತೂಕದ ಐವರು ಹತ್ತಿದರೆ ಅದು ಸುಮಾರು 10 ಸೆಂ.ಮೀ. ಕೆಳಗಿಳಿಯುತ್ತದೆ. ದುಂಡು ತಳವಿದ್ದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಒಬ್ಬೊಬ್ಬರು ಹೆಚ್ಚಾದಂತೆ ನೀರಿಗೂ ಅಂಚಿಗೂ ನಡುವಿನ ಅಂತರ ಕುಗ್ಗುತ್ತದೆ. ಎಲ್ಲರೂ ಒಂದೇ ಬದಿಗೆ ಸರಿದರೆ ಅಂಚಿನ ಮೇಲಿಂದ ನೀರು ನುಗ್ಗುತ್ತದೆ. ಆದ್ದರಿಂದ ಹರಿಗೋಲನ್ನು ನವೀಕರಿಸುವಾಗ ಹೊದಿಕೆಯೊಂದಿಗೆ ಹೆಣಿಗೆ, ಅಂಚು ಮತ್ತು ಹುಟ್ಟುಗಳನ್ನೂ ಪರೀಕ್ಷಿಸುವುದು, ಕೂರುವವರ ಸಂಖ್ಯೆಯನ್ನು ಮಿತಿಗೊಳಿಸುವುದು ಹಾಗೂ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಒದಗಿಸುವುದು ಅವಶ್ಯಕ.